ಮಾವನ ಬೆನ್ನ ಹಿಂದೆ ಓದುತ್ತಿದ್ದವಳು

ನನ್ನ ಸೋದರಮಾವ ಲಿಫ್ಟ್ ಮೆಕ್ಯಾನಿಕ್. ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಹಗಲಿನ ಹೆಚ್ಚು ಪಾಲು ಅವನು ಇರುತ್ತಿದ್ದುದು ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ, ಇಲ್ಲವೆ ತಳದ ಗುಂಡಿಯಲ್ಲಿ. ಎಲ್ಲರೂ ಓಡಾಡುವ ಮಹಡಿಗಳಲ್ಲಿ ಅವನಿಗೆ ಕೆಲಸವೇ ಇರಲಿಲ್ಲ. ಕೈಗೆ ಎಷ್ಟು ಸೋಪು ಹಾಕಿದರೂ ಗ್ರೀಸಿನ ವಾಸನೆ ಹೋಗದು. ಮದುವೆಯ ಮಾತೆತ್ತಿದವರಿಗೆಲ್ಲ ಅವನದು ಒಂದೇ ಉತ್ತರ: ದಿನವಿಡೀ ಸಿಕ್ಕಿಕೊಂಡ ಬಾಗಿಲು ಬಿಡಿಸುತ್ತೇನೆ, ಮನೆಗೆ ಬಂದ ಮೇಲಾದರೂ ಮುಚ್ಚಿದ ಬಾಗಿಲು ಮುಚ್ಚಿಯೇ ಇರಲಿ.

ಅವನಿಗೆ ಕಾರಣವಿಲ್ಲದ ಸಂಗತಿಯೇ ಲೋಕದಲ್ಲಿ ಇರಲಿಲ್ಲ. ಹಳೆಯ ಕಟ್ಟಡಗಳಲ್ಲಿ ಆಗಾಗ ಯಾರೂ ಕರೆಯದೆ ಲಿಫ್ಟು ಐದನೇ ಮಹಡಿಗೆ ಹೋಗಿ, ಬಾಗಿಲು ತೆರೆದು, ಯಾರನ್ನೋ ಕಾಯುವ ಹಾಗೆ ನಿಲ್ಲುತ್ತದೆ. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮಾವ ಲಿಫ್ಟು ಕರೆಯುವ ಬಟನ್ನಿನ ಮುಚ್ಚಳ ಬಿಚ್ಚಿ, ಒಳಗಿನ ತೇವ ಒರೆಸಿ, ಮತ್ತೆ ಸ್ಕ್ರೂ ಹಾಕುತ್ತ, "ದೆವ್ವಕ್ಕೆ ಲಿಫ್ಟ್ ಯಾಕ್ರೀ, ಅದಕ್ಕೇನು ಮಂಡಿನೋವಾ?" ಎನ್ನುತ್ತಿದ್ದ.

ಇಂಥ ಮನುಷ್ಯನಿಗೆ ಕಾಮಿಕ್ಸ್ ಹುಚ್ಚು ಹತ್ತಿದ್ದೂ ಲಿಫ್ಟಿನಲ್ಲೇ. ಕೆಟ್ಟು ನಿಂತ ಲಿಫ್ಟೊಂದರ ಮೂಲೆಯಲ್ಲಿ ಯಾರೋ ಬಿಟ್ಟುಹೋದ ತೆಳ್ಳನೆಯ ಪುಸ್ತಕ ಅವನಿಗೆ ಸಿಕ್ಕಿತು. ಯಾವ ಕಂಪನಿಯದೂ ಅಲ್ಲ. ಬರೆದವರೇ ಜೆರಾಕ್ಸ್ ಮಾಡಿ ಪಿನ್ನು ಹೊಡೆದದ್ದು. ಒಬ್ಬ ಮುದುಕಿ ಪಾತ್ರೆ ತೊಳೆಯುವುದೇ ಅದರ ಇಡೀ ಕಥೆ. ಬಿಡಿಭಾಗ ಬರುವತನಕ ಮಾವ ಅದನ್ನು ಓದಿದ, ಬಂದ ಮೇಲೂ ಓದಿದ. ಆಮೇಲೆ ಅಂಥವನ್ನೇ ಹುಡುಕಿಕೊಂಡು ಹೋಗತೊಡಗಿದ. ಹಾರುವ ವೀರರ ಕಥೆ ಅವನಿಗೆ ಬೇಡ. ಜನರನ್ನು ಮೇಲೆ ಕೆಳಗೆ ಹಾರಿಸುವುದು ತನ್ನ ದಿನನಿತ್ಯದ ಕೆಲಸ, ಅದರಲ್ಲೇನು ವಿಶೇಷ ಎನ್ನುತ್ತಿದ್ದ. ಒಬ್ಬರೇ ಕೂತು ಬರೆದ, ಒಬ್ಬರೇ ಕೂತು ಓದುವಂಥ ಕಥೆಗಳು ಬೇಕು.

ಅವು ಅಂಗಡಿಯಲ್ಲಿ ಸಿಗುವುದಿಲ್ಲ. ವರ್ಷಕ್ಕೊಮ್ಮೆ ನಡೆಯುವ ಕಾಮಿಕ್ಸ್ ಸಮ್ಮೇಳನಕ್ಕೇ ಹೋಗಬೇಕು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ರಜೆ ಹೊಂದಿಸಿಕೊಂಡು ಅವನ ಜೊತೆ ಹೋಗುವುದು ರೂಢಿಯಾಯಿತು. ದೊಡ್ಡ ಸಭಾಂಗಣ. ಬಾಗಿಲಲ್ಲೇ ರಟ್ಟಿನ ಕವಚ ತೊಟ್ಟವರು, ಬಣ್ಣದ ಕೂದಲಿನವರು, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ಅಡ್ಡಡ್ಡ ನಡೆಯುವವರು. ಮಾವ ಇಸ್ತ್ರಿ ಹಾಕಿದ ಅಂಗಿಯಲ್ಲಿ ಅವರ ನಡುವೆ ನುಸುಳಿ ನೇರ ಹಿಂದಕ್ಕೆ ಹೋಗುತ್ತಿದ್ದ. ಸ್ವಂತ ಪುಸ್ತಕ ಅಚ್ಚು ಮಾಡಿಕೊಂಡು ಬಂದವರ ಮೇಜುಗಳು ಅಲ್ಲಿ, ಶೌಚಾಲಯದ ಪಕ್ಕದ ಗೋಡೆಗೆ ಇರುತ್ತಿದ್ದವು. ಅಲ್ಲಿ ಅವನಿಗೆ 'ಕೊನೇ ಸಾಲಿನ ಅಂಕಲ್' ಎಂದೇ ಹೆಸರು.

ಒಂದು ವರ್ಷ ಆ ಸಾಲಿನಲ್ಲಿ ಹೊಸ ಹುಡುಗಿಯೊಬ್ಬಳು ಕೂತಿದ್ದಳು. ಬೆರಳೆಲ್ಲ ಕಪ್ಪು. ಅಕ್ಕಪಕ್ಕದವರು ಅವಳನ್ನು 'ಮಸಿಕೈ' ಎಂದು ಕರೆಯುತ್ತಿದ್ದರು. ಅವಳ ಪುಸ್ತಕಕ್ಕೆ ಹೆಸರಿರಲಿಲ್ಲ. ರಕ್ಷಾಪುಟದ ಮೇಲೆ ದೀಪ ಹತ್ತಿದ ಒಂದು ಕಿಟಕಿ ಮಾತ್ರ. ಮಾವ ಅದನ್ನು ಬಿಡಿಸಿ ನೋಡುತ್ತ ನಿಂತ. ಕಿಟಕಿಯ ಒಳಗೆ ಬೊಕ್ಕತಲೆಯ ಒಬ್ಬ ಗಂಡಸು ಓದುತ್ತಿದ್ದಾನೆ. ಒಂದು ಕಾಲನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದಾನೆ. ಹಿಂದಿನ ಕಪಾಟು ಹಳೆಯ ಲಿಫ್ಟಿನ ಬಾಗಿಲಿನಿಂದ ಮಾಡಿದ್ದು. ಅದರ ಮೇಲೆ ತೂಕದ ಮಿತಿ ಬರೆದ ಫಲಕ ಇನ್ನೂ ಹಾಗೇ ಇದೆ. ಅಂಥ ಕಪಾಟು ಇದ್ದದ್ದು ಒಂದೇ ಮನೆಯಲ್ಲಿ.

ಮಾವ ಮೊದಲು ನಕ್ಕ. ಪುಟ ತಿರುಗಿಸಿದ ಮೇಲೆ ನಗು ನಿಂತಿತು. ಪ್ರತಿ ಚಿತ್ರದಲ್ಲೂ ಅವನ ಕುರ್ಚಿಯ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಸಡಿಲ ತುರುಬು, ಉದ್ದ ತೋಳಿನ ಅಂಗಿ, ನೆಲ ಮುಟ್ಟುವ ಬೂದು ಲಂಗ. ಬೇರೆಯವರ ಮನೆಗೆ ಬಂದು ಚಪ್ಪಲಿ ಎಲ್ಲಿ ಬಿಡಬೇಕೆಂದು ತೋಚದವಳ ಹಾಗೆ ಚಪ್ಪಲಿಗಳನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಬಗ್ಗಿ, ಅವನ ಭುಜದ ಮೇಲಿಂದ, ಅವನು ಓದುತ್ತಿದ್ದುದನ್ನೇ ಓದುತ್ತಿದ್ದಳು.

"ಇದು ನಾನೇ ಅಲ್ವಾ?" ಎಂದ ಮಾವ.

ಮಸಿಕೈಯ ಮುಖ ಬಿಳಿಚಿಕೊಂಡಿತು. ರಸ್ತೆಯಾಚೆಯ ಕಟ್ಟಡದಲ್ಲಿ, ಅವನ ಕಿಟಕಿಗೆ ಸರಿಯಾಗಿ ಎದುರಿನ ಮನೆಯಲ್ಲಿ ತಾನಿರುವುದಾಗಿ ಒಪ್ಪಿಕೊಂಡಳು. ಕೇಳದೆ ಬರೆದದ್ದು ತಪ್ಪು, ಈಗಲೇ ಎಲ್ಲ ಪ್ರತಿಗಳನ್ನೂ ಎತ್ತಿಡುತ್ತೇನೆ ಎಂದಳು. ಮಾವ ಕೈಯಾಡಿಸಿದ.

"ಅದಿರ್ಲಿ ಬಿಡಮ್ಮ. ಈ ಹೆಂಗಸನ್ನ ಯಾಕೆ ಸೇರಿಸಿದೆ?"

"ಸೇರಿಸಿದ್ದಾ?" ಅವಳು ಪುಸ್ತಕವನ್ನೂ ಮಾವನನ್ನೂ ನೋಡಿದಳು. "ನಂಗೆ ಕಲ್ಪನೆ ಕಮ್ಮಿ ಸರ್. ಕಂಡಿದ್ದನ್ನ ಮಾತ್ರ ಬರೀತೀನಿ. ಅವರು ನಿಮ್ಮ ಮನೆಯವರಲ್ವಾ?"

ಮಾವ ಒಂದು ಪ್ರತಿ ಕೊಂಡ. ಆ ವಾರವಿಡೀ ಅವನು ಕೆಟ್ಟ ಲಿಫ್ಟನ್ನು ಪರೀಕ್ಷಿಸುವ ಹಾಗೆ ಸ್ವಂತ ಮನೆಯನ್ನೇ ಪರೀಕ್ಷಿಸಿದ. ಗಾಜಿನಲ್ಲಿ ಕಪಾಟಿನ ಪ್ರತಿಬಿಂಬ ಬೀಳುತ್ತದೆಯೇ ನೋಡಿದ. ದೀಪ ಬದಲಿಸಿದ, ಪರದೆ ಬಿಚ್ಚಿದ, ಬಾಗಿಲ ಹಿಂದೆ ತೂಗುಹಾಕಿದ್ದ ಮಳೆಯಂಗಿ ತೆಗೆದ. ಮನೆಯ ಮಾಲೀಕನನ್ನು ವಿಚಾರಿಸಿದರೆ, ಕಟ್ಟಿದಾಗಿನಿಂದ ಆ ಮನೆಗೆ ಬಂದ ಮೊದಲ ಬಾಡಿಗೆದಾರ ನೀವೇ, ಅಲ್ಲಿ ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ ಎಂಬ ಉತ್ತರ ಬಂತು. ಮಸಿಕೈಯ ಮನೆಗೆ ಹೋಗಿ ಅವಳ ಕಿಟಕಿಯಿಂದ ತನ್ನ ಖಾಲಿ ಕೋಣೆಯನ್ನು ನೋಡಿಯೂ ಬಂದ. ಖಾಲಿ ಕೋಣೆ ಖಾಲಿಯಾಗಿಯೇ ಕಂಡಿತು. ಓದುವವರು ಬೇಕೇನೋ ಎಂದಳಂತೆ ಅವಳು.

ಹಾಗಾಗಿ ಓದುವವಳಾಗಿ ನನ್ನನ್ನು ಕೂರಿಸಿದರು.

ಭಾನುವಾರ ಸಂಜೆ, ದೀಪ ಹಾಕುವ ಹೊತ್ತು. ನಾನು ಮಾವನ ಕುರ್ಚಿಯಲ್ಲಿ, ಕೋಣೆಗೆ ಬೆನ್ನು ಹಾಕಿ, ಕಿಟಕಿಗೆ ಓರೆಯಾಗಿ ಕೂತಿದ್ದೆ. ಮಾವ ಎದುರು ಕಟ್ಟಡದಲ್ಲಿ, ಮಸಿಕೈಯ ಪಕ್ಕದಲ್ಲಿದ್ದ. ಮೇಜಿನ ಮೇಲೆ ನನ್ನ ಫೋನು, ಕರೆ ಹಾಗೇ ತೆರೆದಿತ್ತು. ಅವಳ ಪೆನ್ಸಿಲ್ಲು ಕಾಗದದ ಮೇಲೆ ಕೆರೆಯುವ ಸದ್ದು ಕೇಳುತ್ತಿತ್ತು. ಓದುತ್ತಾ ಇರು, ಏನೇ ಆದರೂ ತಿರುಗಬೇಡ ಎಂದು ಮಾವ ಮೊದಲೇ ಹೇಳಿದ್ದ. ಧೈರ್ಯಕ್ಕೆಂದು ನಾನು ಒಂದು ತಮಾಷೆಯ ಪುಸ್ತಕ ಆರಿಸಿಕೊಂಡಿದ್ದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಕೆಳಗೆ ಯಾರೋ ಸ್ಕೂಟರು ಒದೆಯುತ್ತಿದ್ದರು.

"ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾರೆ," ಎಂದಿತು ಫೋನಿನಲ್ಲಿ ಮಸಿಕೈಯ ದನಿ, ಬಸ್ಸು ಬಂತು ಎಂದು ಹೇಳುವಷ್ಟು ಸಲೀಸಾಗಿ. "ಇವರು ಯಾರೂಂತ ನೋಡ್ತಿದ್ದಾರೆ."

"ನಂಗೇನೂ ಕಾಣ್ತಿಲ್ಲ," ಎಂದ ಮಾವ.

"ಈಗ ಹತ್ರ ಬಂದ್ರು."

ನನ್ನ ಕತ್ತಿನ ಹಿಂದೆ ಗಾಳಿಯಾಡಲಿಲ್ಲ, ಉಸಿರು ಕೇಳಲಿಲ್ಲ. ಕಥೆಗಳಲ್ಲಿ ಹೇಳುವ ಯಾವ ತಣುಪೂ ಇಲ್ಲ. ಬೇಗ ಮುಗಿದರೆ ಸಾಕೆಂದು ಪುಟ ತಿರುಗಿಸಿದೆ. ತಿರುಗಿಸಿದ ಮರುಕ್ಷಣವೇ, ಏನೋ ಅಸಭ್ಯವಾಗಿ ನಡೆದುಕೊಂಡೆ ಎನಿಸಿತು. ಊಟಕ್ಕೆ ಕೂತವರ ಮುಂದಿನಿಂದ ತಟ್ಟೆ ಎತ್ತಿಕೊಂಡ ಹಾಗೆ. ಕೈ ತಾನಾಗಿ ಪುಟವನ್ನು ಹಿಂದಕ್ಕೆ ಮಗುಚಿತು. ಯಾಕೆ ಮಗುಚಿದೆ ಎಂಬುದು ನನಗೆ ಇವತ್ತಿಗೂ ತಿಳಿಯದು.

ಪೆನ್ಸಿಲ್ಲಿನ ಸದ್ದು ನಿಂತಿತು. ಮಸಿಕೈ ಮೆಲ್ಲಗೆ ಹೇಳಿದಳು: "ಹೌದು, ಅವರಿನ್ನೂ ಓದಿ ಮುಗಿಸಿರ್ಲಿಲ್ಲ."

ಪುಸ್ತಕ, ಫೋನು, ಚಪ್ಪಲಿ ಎಲ್ಲ ಅಲ್ಲೇ ಬಿಟ್ಟು ನಾನು ಬರಿಗಾಲಲ್ಲಿ ಮೆಟ್ಟಿಲಿಳಿದು ಬೀದಿಗೆ ಬಂದೆ. ಮಾವ ರಸ್ತೆ ದಾಟಿ ಓಡಿ ಬಂದ. ಅವನ ಮುಖದಲ್ಲಿ ಭಯವಿರಲಿಲ್ಲ. ತನ್ನ ಮನೆಯ ಸುದ್ದಿ ಊರಿಗೆಲ್ಲ ಗೊತ್ತಿದ್ದು ತನಗೊಬ್ಬನಿಗೇ ಗೊತ್ತಿಲ್ಲದಿದ್ದರೆ ಆಗುವಂಥ ಸಪ್ಪೆಮೋರೆ, ಅಷ್ಟೆ.

ಅವಳು ಯಾವಾಗಿನಿಂದ ಇದ್ದಾಳೆ ಎಂದು ಆ ಸಂಜೆ ಮಾವ ಮಸಿಕೈಯನ್ನು ಕೇಳಿದ. ಹಿಂದಿನ ವರ್ಷದ ಸಮ್ಮೇಳನದ ದಿನದಿಂದ ಎಂದಳು. ನೀವು ಎರಡೂ ಕೈಯಲ್ಲಿ ಪುಸ್ತಕದ ಚೀಲ ಹಿಡಿದುಕೊಂಡು ಮೊಣಕೈಯಿಂದ ಬಾಗಿಲು ತಳ್ಳಿದಿರಿ, ನಿಮ್ಮ ಹಿಂದೆಯೇ ಅವರು ಬಂದರು, ನೆಂಟರು ಎಂದುಕೊಂಡೆ. ಅಂದರೆ ಅಷ್ಟೆಲ್ಲ ವೇಷಗಳ ಗುಂಪಿನಿಂದ ಅವಳು ಇವನ ಬೆನ್ನು ಹಿಡಿದಿದ್ದಳು. ಅಂಥ ಜಾಗದಲ್ಲಿ ಯಾರು ವೇಷದವರು, ಯಾರು ಅಲ್ಲ ಎಂದು ನೋಡುವವರು ಯಾರು?

ಆಮೇಲೆ ಮಾವ ಮಾಡಿದ್ದು ನನಗೆ ಇನ್ನೂ ವಿಚಿತ್ರ. ಅವನು ಮನೆ ಬಿಡಲಿಲ್ಲ. ಪುಸ್ತಕವನ್ನು ಎದೆಗೆ ಹತ್ತಿರ ಹಿಡಿದು ಓದುವುದನ್ನು ಮಾತ್ರ ಬಿಟ್ಟ. ಸ್ವಲ್ಪ ಓರೆಯಾಗಿ, ದೀಪದ ಬೆಳಕು ಎರಡೂ ಪುಟಕ್ಕೆ ಬೀಳುವ ಹಾಗೆ ಹಿಡಿಯತೊಡಗಿದ. ಪುಟದ ಕೊನೆಗೆ ಬಂದ ಮೇಲೆ ತುಸು ತಡೆದು ತಿರುಗಿಸುತ್ತಿದ್ದ. ಇದಕ್ಕೇನು ಕಾರಣ ಹೇಳುತ್ತೀಯ ಎಂದು ಕೆಣಕಿದರೆ, "ಕಾರಣ ಇದ್ದೇ ಇರುತ್ತೆ, ನಂಗೆ ಗೊತ್ತಿಲ್ಲ ಅಷ್ಟೆ," ಎಂದ. ಕಂಡದ್ದನ್ನು ಬರೆಯುತ್ತಲೇ ಇರು ಎಂದು ಮಸಿಕೈಗೆ ಅನುಮತಿಯನ್ನೂ ಕೊಟ್ಟ.

ಅಮ್ಮನಿಗೆ ನಾನೇ ಹೇಳಿದೆ. ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತಿತ್ತು. ಅಮ್ಮ ಮರುದಿನವೇ ಅವನ ಮನೆಗೆ ಬಂದು, ಸೊಂಟಕ್ಕೆ ಕೈಯಿಟ್ಟುಕೊಂಡು ಕೋಣೆಯ ನಾಲ್ಕು ಮೂಲೆಗೂ ಸೇರಿಸಿ ಬೈದಳು.

"ಒಂಟಿ ಇದ್ದೀಯ, ನಾಯಿ ಸಾಕೋ ಅಂದ್ರೆ ನೀನು ಇದನ್ನ ಸಾಕಿದೀಯ. ಎಲ್ಲಿಂದ ಕರ್ಕೊಂಡು ಬಂದ್ಯೋ ಅಲ್ಲೇ ಬಿಟ್ಟು ಬಾ."

ಮಾವ ಒಪ್ಪಲಿಲ್ಲ. ಆದರೆ ವರ್ಷ ಹಳತಾಗುತ್ತಿದ್ದಂತೆ ಮಸಿಕೈಯ ಚಿತ್ರಗಳು ಬದಲಾದವು. ಹೆಂಗಸು ಓದುವುದನ್ನು ಬಿಟ್ಟಿದ್ದಳು. ಒಂದರಲ್ಲಿ ಕಪಾಟಿನ ಮುಂದೆ ನಿಂತು ಪುಸ್ತಕಗಳ ಬೆನ್ನು ನೋಡುತ್ತಿದ್ದಳು. ಇನ್ನೊಂದರಲ್ಲಿ ಮಾವನ ತಲೆಯನ್ನೇ ದಿಟ್ಟಿಸುತ್ತಿದ್ದಳು. ಕೊನೆಗೊಂದು ದಿನದ ಚಿತ್ರದಲ್ಲಿ ಚಪ್ಪಲಿಗಳೆರಡೂ ಒಂದೇ ಕೈಯಲ್ಲಿದ್ದವು. ಇನ್ನೊಂದು ಕೈ ಮಾವನ ಭುಜದ ಮೇಲಿತ್ತು.

ಮಸಿಕೈ ಅದನ್ನು ತೋರಿಸಲು ಹಿಂಜರಿದಳು. ತೋರಿಸುವ ಹೊತ್ತಿಗಾಗಲೇ ಮಾವ ಬಲಗೈ ಎತ್ತಲಾರದ ಸ್ಥಿತಿಯಲ್ಲಿದ್ದ. ಸ್ಪ್ಯಾನರು ತಲೆಗಿಂತ ಮೇಲೆ ಹೋಗುತ್ತಿರಲಿಲ್ಲ. ಸಹೋದ್ಯೋಗಿಗಳು ಅವನ ಪಾಲಿನ ಕೆಲಸ ಮಾಡುತ್ತಿದ್ದರು. ಡಾಕ್ಟರು ಭುಜವನ್ನು ತಿರುವಿ ನೋಡಿ, ಮೂಳೆ ಸರಿ ಇದೆ, ನರ ಸರಿ ಇದೆ ಎಂದು ಮುಲಾಮು ಬರೆದುಕೊಟ್ಟಿದ್ದರು. ಅಮ್ಮ ಅಳುವುದೊಂದು ಬಾಕಿ.

ಮಾವ ಆ ಚಿತ್ರವನ್ನು ತುಂಬ ಹೊತ್ತು ನೋಡಿದ.

"ಬಸ್ಸಲ್ಲಿ ಇಳಿಯೋ ಜಾಗ ಬಂದಾಗ ಮುಂದೆ ನಿಂತವರ ಭುಜ ತಟ್ಟಲ್ವಾ, ಹಾಗಿದೆ ಕಣೆ ಇದು," ಎಂದ ನನಗೆ. "ನನ್ನ ಹತ್ರ ಇರೋದೆಲ್ಲ ಓದಿ ಮುಗಿಸಿದ್ದಾಳೆ."

ಆ ವರ್ಷದ ಸಮ್ಮೇಳನಕ್ಕೆ ಅವನು ಕೈಬೀಸಿಕೊಂಡು ಹೊರಟ; ಚೀಲ ತರಲಿಲ್ಲ. ಕೊನೆಯ ಸಾಲಿನಲ್ಲಿ ಒಂದೊಂದು ಮೇಜಿನ ಮುಂದೂ ನಿಂತು, ಒಂದೊಂದು ಪುಸ್ತಕ ಬಿಡಿಸಿ, ಓರೆಯಾಗಿ ಹಿಡಿದುಕೊಂಡ. ಮೇಜಿನವರು ಮಾತಾಡಿಸಿದರೆ ತಲೆಯಾಡಿಸುತ್ತಿದ್ದ, ಅಷ್ಟೆ. ಗೋಡೆಯ ಪಕ್ಕದ ಕೊನೆಯ ಮೇಜಿಗೆ ಬಂದ ಮೇಲೆ, ಕೈಯಲ್ಲಿದ್ದ ಪುಸ್ತಕವನ್ನು ತೆರೆದ ಹಾಗೇ ಕೆಳಗಿಟ್ಟ. ನನ್ನ ಮೊಣಕೈ ಹಿಡಿದು, ಹಿಂದೆ ನೋಡಬೇಡ ಎಂದು, ಪಕ್ಕದ ಬಾಗಿಲಿನಿಂದ ಹೊರಗೆ ಕರೆದುಕೊಂಡು ಬಂದ. ರೆಕ್ಕೆ ಕಟ್ಟಿಕೊಂಡವನೊಬ್ಬ ನಮಗೆ ದಾರಿ ಬಿಟ್ಟ. ಆಮೇಲೂ ಯಾರೋ ದಾಟಲಿ ಎಂಬಂತೆ ಸ್ವಲ್ಪ ಹೊತ್ತು ಒರಗಿಕೊಂಡೇ ನಿಂತಿದ್ದ; ಅಥವಾ ನನಗೆ ಹಾಗೆ ಕಂಡಿತು.

ಸಂಜೆ ಮಾವ ದೀಪ ಹಾಕಿ ಓದಲು ಕೂತ. ಮಸಿಕೈ ನನಗೆ ಫೋನು ಮಾಡಿ, ಒಬ್ಬರೇ ಇದ್ದಾರೆ ಎಂದಳು. ಕೆಲವೇ ದಿನಗಳಲ್ಲಿ ಭುಜ ಸರಿಹೋಯಿತು. ಮುಲಾಮಿಗೂ ತನ್ನ ಬೈಗುಳಕ್ಕೂ ಅಮ್ಮ ಸಮಪಾಲು ಶ್ರೇಯ ಕೊಟ್ಟಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಒಂಟಿತನವೆಂದರೇನೆಂದೇ ಅರಿಯದೆ ಅಷ್ಟು ವರ್ಷ ಬದುಕಿದ ಮನುಷ್ಯ ಆಮೇಲೆ ಒಂಟಿಯಾದ. ವಾರದ ನಡುವೆ ಯಾವ ಕಾರಣವೂ ಇಲ್ಲದೆ ನಮ್ಮ ಮನೆಗೆ ಬಂದು, ಅಡುಗೆಮನೆಯಲ್ಲಿ ಅಮ್ಮ ತರಕಾರಿ ಹೆಚ್ಚುವುದನ್ನು ನೋಡುತ್ತ ಕೂರುತ್ತಿದ್ದ. ಓದಲು ಹಿಡಿದ ಪುಸ್ತಕ ಅರ್ಧಕ್ಕೇ ನಿಲ್ಲುತ್ತಿತ್ತು. ಪುಟ ಮುಗಿದರೂ ತಿರುಗಿಸದೆ ಕಾಯುವ ಅಭ್ಯಾಸ ಹೋಗಲೇ ಇಲ್ಲ, ಯಾರಿಗಾಗಿ ಕಾಯಬೇಕೆಂಬುದು ಮಾತ್ರ ಹೋಗಿತ್ತು. ಒಮ್ಮೆ ಅಮ್ಮನೇ ನನ್ನನ್ನು ಪಕ್ಕಕ್ಕೆ ಕರೆದು, ನಾನು ತಪ್ಪು ಮಾಡಿದೆನೇನೇ ಎಂದು ಕೇಳಿದಳು.

ಅಷ್ಟರಲ್ಲಿ ಮಸಿಕೈಯ ಪುಸ್ತಕಕ್ಕೆ ಓದುಗರು ಹುಟ್ಟಿಕೊಂಡಿದ್ದರು. ಕೈಯಿಂದ ಕೈಗೆ ಹೋಗಿ, ಮತ್ತೆ ಮತ್ತೆ ಅಚ್ಚಾಗಿ, ಅದು ಅವಳ ಮೇಜನ್ನು ದಾಟಿ ಎಲ್ಲೆಲ್ಲೋ ತಲುಪಿತ್ತು. ಮುಂದಿನ ಸಮ್ಮೇಳನದ ಬಾಗಿಲಲ್ಲಿ ನಾನೂ ಮಾವನೂ ಕಾಲು ಕಿತ್ತಿಡಲಾಗದೆ ನಿಂತೆವು. ಸಭಾಂಗಣದ ತುಂಬ ಅವಳೇ. ಸಡಿಲ ತುರುಬು, ಬೂದು ಲಂಗ, ಕೈಯಲ್ಲಿ ಚಪ್ಪಲಿ. ಒಬ್ಬಳಲ್ಲ, ಇಬ್ಬರಲ್ಲ. ಕುಳ್ಳಿಯರು, ಎತ್ತರದವರು, ಗಡ್ಡವಿದ್ದ ಒಬ್ಬ ಗಂಡಸು ಕೂಡ. ಎಲ್ಲಿ ಯಾರು ಪುಸ್ತಕ ಬಿಡಿಸಿ ನಿಂತರೂ ಅವರ ಹಿಂದೆ ಒಬ್ಬಳು ಬಂದು ಬಗ್ಗುತ್ತಿದ್ದಳು, ಗೆಳೆಯರು ಫೋಟೋ ತೆಗೆಯುತ್ತಿದ್ದರು, ಎಲ್ಲರೂ ನಗುತ್ತಿದ್ದರು.

ಬೊಕ್ಕತಲೆ ನೋಡಿ ಯಾರೋ ಮಾವನನ್ನು ಗುರುತು ಹಿಡಿದರು. ಒಂದು ಫೋಟೋ ಅಂಕಲ್, ಒಂದೇ ಒಂದು ಎಂದು ಸುತ್ತುವರಿದರು. ಅವನ ಬೆನ್ನ ಹಿಂದೆ ಬೂದು ಲಂಗದವರು ಸಾಲುಗಟ್ಟಿದರು. ಮಾವ ಬೆವರುತ್ತಿದ್ದ. ಒಬ್ಬೊಬ್ಬರ ಮುಖವನ್ನೂ ತಿರುತಿರುಗಿ ನೋಡುತ್ತಿದ್ದ. ಆಗ ನನಗೆ ಹೊಳೆಯಿತು: ಅವನು ಅವಳನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಯಾರನ್ನು ಹುಡುಕಬೇಕೆಂದೇ ಅವನಿಗೆ ಗೊತ್ತಿರಲಿಲ್ಲ.

ಕಂಡದ್ದು ನನಗೆ.

ಕೊನೆಯ ಸಾಲಿನಲ್ಲಿ ಒಬ್ಬ ನರ್ಸ್ ನಿಂತು ಓದುತ್ತಿದ್ದಳು. ಪಾಳಿ ಮುಗಿಸಿ ನೇರ ಬಂದಿರಬೇಕು. ಸಮವಸ್ತ್ರದಲ್ಲೇ ಇದ್ದಳು, ಹೆಗಲಲ್ಲಿ ದೊಡ್ಡ ಚೀಲ. ಅವಳ ಹಿಂದೆ ಒಬ್ಬಳು ಬಗ್ಗಿ ನಿಂತಿದ್ದಳು. ಉಳಿದವರ ಕೈಯಲ್ಲಿದ್ದ ಚಪ್ಪಲಿಗಳೆಲ್ಲ ವೇಷಕ್ಕೆಂದು ಕೊಂಡ ಹೊಸವು. ಇವಳವು ಸವೆದು, ಹಿಮ್ಮಡಿಯ ಕಡೆ ಕಾಗದದಷ್ಟು ತೆಳ್ಳಗಾಗಿದ್ದವು. ಯಾರೂ ಅವಳ ಫೋಟೋ ತೆಗೆಯುತ್ತಿರಲಿಲ್ಲ. ನರ್ಸ್ ಪುಟದ ಕೊನೆಗೆ ಬಂದು, ಯಾಕೋ ತಡೆದು, ಆಮೇಲೆ ತಿರುಗಿಸಿದಳು.

ನಾನು ಮಾವನ ತೋಳು ಹಿಡಿದು ತೋರಿಸಿದೆ.

"ಎಲ್ಲಿ?" ಎಂದ.

"ಆ ನರ್ಸ್ ಹಿಂದೆ."

ಅವನು ಕಣ್ಣು ಕಿರಿದು ಮಾಡಿ ನೋಡಿದ. "ನರ್ಸ್ ಒಬ್ಳೇ ಕಾಣ್ತಾಳೆ ಕಣೆ ನಂಗೆ."

ಮಾವ ನನ್ನ ಕಡೆ ತಿರುಗದೆ, ಅತ್ತಲೇ ನೋಡುತ್ತ ಕೇಳಿದ: "ಹೇಗಿದಾಳೆ?"

"ಓದ್ತಿದಾಳೆ. ಏನೋ ತಮಾಷೆ ಇದೆ ಅನ್ಸುತ್ತೆ, ನಗ್ತಿದಾಳೆ."

"ಹಾಗಾದ್ರೆ ಬಿಡು," ಎಂದ ಮಾವ.

ಬಿಡು ಎಂದನೇ ಹೊರತು ಬಿಡಲಿಲ್ಲ. ನರ್ಸ್ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಾಗ ನಾವೂ ಬಸ್ ನಿಲ್ದಾಣದವರೆಗೆ ಹೋದೆವು. ಹೊರಗಿನ ಬಿಸಿಲಲ್ಲಿ ನನಗೂ ನರ್ಸ್ ಒಬ್ಬಳೇ ಕಂಡಳು. ಬಸ್ಸು ಹೆಚ್ಚುಕಡಿಮೆ ಖಾಲಿ ಇತ್ತು. ಅವಳು ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಗೆ ಒತ್ತಿ ಕೂತು, ಅಷ್ಟು ದೊಡ್ಡ ಚೀಲವನ್ನು ಪಕ್ಕದಲ್ಲಿಡದೆ ತೊಡೆಯ ಮೇಲೆ ಇಟ್ಟುಕೊಂಡಳು. ಒಂದು ಪುಸ್ತಕ ತೆಗೆದಳು. ಅದನ್ನು ಮಾವನ ಹಾಗೆಯೇ ಸ್ವಲ್ಪ ಓರೆಯಾಗಿ ಹಿಡಿದುಕೊಂಡಳು.

ಬಸ್ಸು ಅಲುಗಿದಾಗ ಅವನು ಕೈ ಎತ್ತಿ ಬೀಸಿದ. ನರ್ಸ್ ತಲೆಯೆತ್ತಿ ನೋಡಿದಳು, ಗುರುತು ಸಿಗದೆ ಒಂದು ಕ್ಷಣ ಅನುಮಾನಿಸಿದಳು, ಆಮೇಲೆ ಮರ್ಯಾದೆಗೆಂದು ತಾನೂ ಕೈ ಬೀಸಿದಳು.

ಆ ನರ್ಸನ್ನು ಆಮೇಲಿನ ಸಮ್ಮೇಳನಗಳಲ್ಲಿ ನಾವು ಮತ್ತೆ ಕಾಣಲಿಲ್ಲ. ಮಸಿಕೈ ಬೇರೆ ಬೀದಿಗೆ ಮನೆ ಬದಲಿಸಿದಳು; ಅಲ್ಲಿ ಎದುರಿಗೆ ಬರೀ ಗೋಡೆ, ಅದೇ ಕ್ಷೇಮ ಎನ್ನುತ್ತಾಳೆ. ಮಾವ ಕೆಲಸ ಬಿಟ್ಟ ಮೇಲೆ ತನ್ನ ಕಾಮಿಕ್ಸ್‌ಗಳನ್ನೆಲ್ಲ ಕಟ್ಟಡದ ಕೆಳಗಿನ ಕಾವಲುಗಾರನ ಕೋಣೆಯಲ್ಲಿ ಜೋಡಿಸಿಟ್ಟಿದ್ದಾನೆ. ಯಾರು ಬೇಕಾದರೂ ಓದಬಹುದು. ಸಂಜೆ ಅಲ್ಲಿ ನಾಲ್ಕಾರು ಜನ ಸೇರುತ್ತಾರೆ, ಮಾವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಅಮ್ಮ ಮಾತ್ರ ಒಳಗೆ ಕಾಲಿಡುವುದಿಲ್ಲ. ಹೊರಗೇ ನಿಂತು, ಓದುವವರನ್ನೂ ಅವರ ಹಿಂದೆ ಬರಿದಾಗಿರುವ ಜಾಗವನ್ನೂ ಒಮ್ಮೆ ನೋಡಿ, ಊಟಕ್ಕೆ ಬಾ ಎಂದು ಹೇಳಿ ಹೋಗುತ್ತಾಳೆ.